ಸಿಸ್ಟರ್ ಮನೆಯ ಮಾತು

ಹೋದ ವಾರ ಹಿಲ್ಸ್‌ಬರೋದಲ್ಲಿ ಕಣ್ಣಿನ ಡಾಕ್ಟರಿಗಾಗಿ ಕಾಯುತ್ತ ಕುಳಿತಿದ್ದೆ. ನರ್ಸ್ ಒಬ್ಬಳು ನನ್ನ ಪಕ್ಕ ಬಂದು ನಿಂತು, ಅಂಗೈಗೆ ಸ್ಯಾನಿಟೈಜರ್ ಒತ್ತಿಕೊಂಡು ಎರಡೂ ಕೈ ಉಜ್ಜಿಕೊಂಡಳು. ಈಗ ಆ ಘಾಟು ಎಲ್ಲ ಕಡೆಯೂ ಇದೆ, ಯಾರೂ ಗಮನಿಸುವುದಿಲ್ಲ. ಆದರೆ ಆಕೆಯ ಕೂದಲಿನಿಂದ ತೆಂಗಿನೆಣ್ಣೆಯ ವಾಸನೆಯೂ ಬಂತು. ಎರಡೂ ಸೇರಿ ಮೂಗಿಗೆ ತಾಗಿದ್ದೇ ತಡ, ಪಿಸ್ಕಾಟವೇಯ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಅಡುಗೆಮನೆ, ಮೇಜಿನ ಮೇಲಿನ ಮೈಕು, ಅದರ ಮುಂದೆ ಬಗ್ಗಿ ಕುಳಿತ ಸಿಸ್ಟರ್... ಒಳಗಿನಿಂದ ನನ್ನ ಹೆಸರು ಕೂಗಿದ್ದು ನನಗೆ ಕೇಳಿಸಲೇ ಇಲ್ಲ.

ಅವರು ನಮ್ಮ ಕೆಳಗಿನ ಮನೆಯಲ್ಲಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆದ್ದರಿಂದ ಊರ ಕಡೆಯ ರೂಢಿಯಂತೆ ನಾವೆಲ್ಲ ಸಿಸ್ಟರ್ ಎನ್ನುತ್ತಿದ್ದೆವು. ನನಗಿಂತ ಸಾಕಷ್ಟು ದೊಡ್ಡವರು, ಮದುವೆಯಾಗಿರಲಿಲ್ಲ. ಉಡುಪಿಯ ಕಡೆಯವರು, ಮಿಷನ್ ಆಸ್ಪತ್ರೆಯಲ್ಲಿ ಕಲಿತವರು ಎಂದಷ್ಟೇ ಗೊತ್ತಿತ್ತು. ಅಷ್ಟರ ಮೇಲೆ ನಮ್ಮ ಕನ್ನಡದವರ ಗುಂಪು ಅವರನ್ನು ಮಂಗಳೂರು ಕ್ರಿಶ್ಚಿಯನ್ ಎಂದು ತೀರ್ಮಾನಿಸಿತ್ತು. ಅವರು ಹೌದೆನ್ನುತ್ತಲೂ ಇರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ.

ಬ್ಯಾಂಕುಗಳು ಒಂದರ ಹಿಂದೊಂದು ಉರುಳಿದ ಚಳಿಗಾಲ ಅದು. ನಾನು ಟೆಲಿಕಾಂ ಕಂಪನಿಯೊಂದರಲ್ಲಿ, ಫೋನಿನಲ್ಲಿ ಹೋಗುವ ದನಿಯನ್ನು ಹಿಂಡಿ ಸಣ್ಣದು ಮಾಡಿ ಕಳಿಸುವ ವಿಭಾಗದಲ್ಲಿದ್ದೆ. ಒಂದು ಬೆಳಿಗ್ಗೆ ಇಡೀ ತಂಡವನ್ನು ಮೀಟಿಂಗ್ ರೂಮಿಗೆ ಕರೆದು, ಮಧ್ಯಾಹ್ನದೊಳಗೆ ಎಲ್ಲರನ್ನೂ ಮನೆಗೆ ಕಳಿಸಿದರು. ಗಂಡನ ವೀಸಾದ ಆಸರೆಯಲ್ಲಿ ಡಿಪೆಂಡೆಂಟ್ ಆಗಿ ಉಳಿದುಕೊಂಡೆ. ಅವನು ಜರ್ಸಿ ಸಿಟಿಗೆ ಕಮ್ಯೂಟ್ ಮಾಡುತ್ತಿದ್ದದ್ದೂ ಒಂದು ಬ್ಯಾಂಕಿಗೇ. ಸಂಜೆ ಅವನು ಬಾಗಿಲು ತೆಗೆದಾಗ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದೆ, ಮೇಜಿನ ಸಾಮಾನು ತುಂಬಿದ ರಟ್ಟಿನ ಡಬ್ಬಿ ಹಿಡಿದು ಬಂದಿದ್ದಾನೋ ಎಂದು.

ಆ ದಿನಗಳಲ್ಲೇ ಒಮ್ಮೆ ಬಟ್ಟೆ ಹಾಕಲು ಕೆಳಗಿನ ಲಾಂಡ್ರಿ ರೂಮಿಗೆ ಹೋದೆ. ಸಿಸ್ಟರ್ ಡ್ರೈಯರಿಗೆ ಒರಗಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಕಣ್ಣಲ್ಲಿ ನೀರು. ಆಡುತ್ತಿದ್ದದ್ದು ಕನ್ನಡವಲ್ಲ, ಕೊಂಕಣಿಯೂ ಅಲ್ಲ. ಫೋನು ಇಟ್ಟ ಮೇಲೆ, “ತುಳುನಾ ಸಿಸ್ಟರ್?” ಎಂದೆ.

“ಅಲ್ಲ,” ಎಂದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಕೊರಗ ಭಾಷೆ. ನಾವು ಕೊರಗರು. ಗೊತ್ತುಂಟಾ ನಿಮಗೆ?”

ನನಗೆ ಗೊತ್ತಿದ್ದದ್ದು ಶಾಲೆಯ ಪುಸ್ತಕದಷ್ಟು. ಕರಾವಳಿಯ ಬುಡಕಟ್ಟಿನವರು, ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವವರು, ಡೋಲು ಬಾರಿಸುವವರು, ಊರು ಯಾವತ್ತೂ ದೂರವೇ ಇಟ್ಟವರು. ಅವರಿಗೊಂದು ಬೇರೆಯೇ ಭಾಷೆ ಇದೆಯೆಂಬುದು ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ತಿಳಿದಿರಲಿಲ್ಲ.

“ಅಮ್ಮನಿಗೆ ಬಾಯಿ ಕ್ಯಾನ್ಸರ್,” ಎಂದರು ಸಿಸ್ಟರ್. “ನಾಲಿಗೆ ತೆಗೀಬೇಕಂತೆ.”

ಡ್ರೈಯರ್ ತಿರುಗುತ್ತಲೇ ಇತ್ತು.

“ನಮ್ಮ ಕಾಲನಿಯಲ್ಲಿ ಈ ಭಾಷೆ ಪೂರ್ತಿ ಬರುದು ಅಮ್ಮನಿಗೆ ಒಬ್ಬಳಿಗೇ. ನನ್ನ ತಮ್ಮ ತುಳುವಿನಲ್ಲೇ ಉತ್ತರ ಕೊಡುದು. ನಾನು ಸಣ್ಣವಳಿರುವಾಗಲೇ ಹಾಸ್ಟೆಲಿಗೆ ಹೋದವಳು, ನಂಗೆ ಅರ್ಧ ಬರ್ತದೆ. ನೀವು ಫೋನಿನ ದನಿಯ ಕೆಲಸ ಮಾಡ್ತಿದ್ದದ್ದಲ್ವಾ? ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?”

ಹೋಗಿ ಬನ್ನಿ ಸಿಸ್ಟರ್, ಎದುರಿಗೆ ಕೂತು ರೆಕಾರ್ಡ್ ಮಾಡಿ ಎಂದೆ. ಅವರು ತಲೆಯಾಡಿಸಿದರು. ಅವರ ಗ್ರೀನ್ ಕಾರ್ಡ್ ಅರ್ಜಿ ನಡುದಾರಿಯಲ್ಲಿ ನಿಂತಿತ್ತು. ಆಸ್ಪತ್ರೆಯಲ್ಲಿ ಒಂದೊಂದೇ ವಾರ್ಡು ಮುಚ್ಚುತ್ತಿದ್ದರು. ಈಗ ಟ್ರಾವೆಲ್ ಮಾಡಿದರೆ ವಾಪಸ್ ಬರಲು ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್ ಸಿಗುವ ಭರವಸೆಯಿಲ್ಲ ಎಂದು ಲಾಯರು ಹೇಳಿದ್ದ. ಅಮ್ಮನ ಆಪರೇಷನ್ ನಡೆಯಬೇಕಿದ್ದದ್ದು ಇಲ್ಲಿನ ಸಂಬಳದಿಂದ. ಹೋದರೆ ಅಮ್ಮನ ಮಾತು ಸಿಗುತ್ತದೆ, ಅಮ್ಮ ಉಳಿಯುವುದಿಲ್ಲ. ಇದ್ದರೆ ಅಮ್ಮ ಉಳಿದಾರು...

ಊರಿಗೆ ಹೊರಟಿದ್ದವರೊಬ್ಬರ ಕೈಯಲ್ಲಿ ಪುಟ್ಟ ರೆಕಾರ್ಡರ್ ಕಳಿಸಿದೆವು. ಅಮ್ಮ ಅದನ್ನು ತಿರುಗಿಸಿ ನೋಡಿ, ಡಬ್ಬಿಯ ಹತ್ತಿರ ಯಾರು ಮಾತಾಡ್ತಾರೆ ಎಂದು ಪಕ್ಕಕ್ಕಿಟ್ಟರಂತೆ. ಮಗಳ ಹತ್ತಿರವಾದರೆ ಮಾತಾಡುತ್ತೇನೆ ಎಂದರಂತೆ. ಹಾಗಾಗಿ ಉಳಿದದ್ದು ಫೋನೊಂದೇ; ಅದರಲ್ಲಿ ಬರುವ ದನಿಯನ್ನು ನನ್ನ ಕಂಪ್ಯೂಟರಿನಲ್ಲಿ ಹಿಡಿದಿಡುವುದು ಎಂದಾಯಿತು.

ಸಿಸ್ಟರ್ ನೈಟ್ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ಅಲ್ಲಿ ಸಂಜೆ. ಅವರ ತಮ್ಮ ಕೂಲಿಯಿಂದ ಬಂದು, ಸಿಗ್ನಲ್ ಸಿಗುವ ಕಡೆ, ರಸ್ತೆ ಬದಿಯ ಗೇರುಮರದ ಬುಡದಲ್ಲಿ ಅಮ್ಮನನ್ನು ಕೂರಿಸುತ್ತಿದ್ದ. ಇತ್ತ ಸಿಸ್ಟರ್ ಯೂನಿಫಾರ್ಮಿನಲ್ಲೇ ನಮ್ಮ ಮನೆಗೆ ಬರುತ್ತಿದ್ದರು. ಮೈಕು ಮುಟ್ಟುವ ಮೊದಲು ಚೀಲದಿಂದ ಪುಟ್ಟ ಬಾಟಲಿ ತೆಗೆದು ಕೈ ಉಜ್ಜಿಕೊಳ್ಳುವುದು ಅವರ ಅಭ್ಯಾಸ. ನಾನು ಕೊಟ್ಟ ಕಾಫಿ ಆರುತ್ತಿತ್ತು.

ಮೊದಲ ದಿನವೇ ನನಗೆ ಅಳು ಬರುವಂತಾಯಿತು. ಫೋನು ದನಿಯ ತೀರ ಮೇಲಿನ, ತೀರ ಕೆಳಗಿನ ಎರಡೂ ತುದಿ ಕತ್ತರಿಸಿ ನಡುವಿನದನ್ನಷ್ಟೇ ದಾಟಿಸುತ್ತದೆ. ಯಾರಿಗೂ ತಿಳಿಯದಂತೆ ಹಾಗೆ ಕತ್ತರಿಸುವುದೇ ನನ್ನ ಕೆಲಸವಾಗಿತ್ತು. ಗೊತ್ತಿರುವ ಭಾಷೆಯಾದರೆ ಬಿಟ್ಟುಹೋದದ್ದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದ ಭಾಷೆಯಲ್ಲಿ ಹೋದದ್ದು ಹೋಯಿತು. ಅಮ್ಮ ಹೇಳಿದ ಒಂದು ಪದ ನನಗೆ ಎರಡು ಬಾರಿ ಎರಡು ಬಗೆಯಾಗಿ ಕೇಳಿಸಿತು. ಕೊನೆಗೆ ಹೀಗೆ ಮಾಡಿದೆವು: ಅಮ್ಮ ಹೇಳುವುದು, ಸಿಸ್ಟರ್ ಮೈಕಿನ ಮುಂದೆ ಅದನ್ನೇ ಹೇಳುವುದು, ಅಮ್ಮ ತಿದ್ದುವುದು.

ಅಮ್ಮ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಸಿಸ್ಟರ್ ಮತ್ತೆ ಮತ್ತೆ ಹೇಳಿ ಸೋಲುತ್ತಿದ್ದರು. ಒಮ್ಮೆ ಆ ಕಡೆಯಿಂದ ನಗು ಕೇಳಿಸಿತು. ಏನಂತೆ ಎಂದು ಕೇಳಿದೆ.

“ನಿನ್ನ ಬಾಯಲ್ಲಿ ನಮ್ಮ ಮಾತು ಧಣಿಗಳ ಮನೆಯವರು ಆಡಿದ ಹಾಗೆ ಕೇಳ್ತದೆ ಅಂತಾಳೆ,” ಎಂದರು ಸಿಸ್ಟರ್. ಅವರೂ ನಕ್ಕರು. ಆಮೇಲೆ ಮುಖ ತಿರುಗಿಸಿಕೊಂಡರು.

ಹಗಲು ಅವರು ಮಲಗಿದ್ದಾಗ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಲಿಪಿಯಿಲ್ಲದ ಭಾಷೆ, ಕನ್ನಡದ ಅಕ್ಷರಗಳಲ್ಲಿ ಹಿಡಿಯಲು ನೋಡಿದರೆ ಕೆಲವು ದನಿ ಜಾರಿಹೋಗುತ್ತಿದ್ದವು. ಅದಕ್ಕೇ ಚಿತ್ರಗಳನ್ನಿಟ್ಟೆ. ಬುಟ್ಟಿಯ ಚಿತ್ರ ಒತ್ತಿದರೆ ಮೊದಲು ಅಮ್ಮನ ದನಿ, ಹಿಂದೆಯೇ ಮಗಳ ದನಿ. ಬಳ್ಳಿ, ಡೋಲು, ಮಗು, ಮಳೆ, ಹಸಿವು... ಹಸಿವಿಗೆ ಏನು ಚಿತ್ರ ಬರೆಯುವುದೆಂದು ಕೇಳಿದಾಗ ಸಿಸ್ಟರ್, “ಖಾಲಿ ಬಿಡಿ. ನಮ್ಮವರಿಗೆ ತಿಳೀತದೆ,” ಎಂದರು.

ದಿನ ಹೋದಂತೆ ಅಮ್ಮನ ಮಾತು ತೊದಲತೊಡಗಿತು. ನೋವಿಗೆ ನಡುವೆ ನಿಲ್ಲಿಸುತ್ತಿದ್ದರು. ನಿನ್ನೆ ಸ್ಪಷ್ಟವಾಗಿದ್ದ ದನಿ ಇವತ್ತು ಇರುತ್ತಿರಲಿಲ್ಲ. ಯಾವ ಪದ ಮೊದಲು ಕೇಳುವುದು, ಯಾವುದು ಬಿಡುವುದು? ಸಿಸ್ಟರ್ ಆಸ್ಪತ್ರೆಯಿಂದ ಬರುವಾಗ ಟಿಶ್ಯೂ ಪೇಪರಿನ ಮೇಲೆ ಗೀಚಿಕೊಂಡು ಬರುತ್ತಿದ್ದರು, ದಾರಿಯಲ್ಲಿ ನೆನಪಾದದ್ದೆಲ್ಲ. ಪಾಪ, ತಾಯಿಗೆ ನೋವು ಹೇಗಿದೆ ಎಂದು ಕೇಳಬೇಕಾದ ಮಗಳು ಗೆದ್ದಲಿಗೆ ಏನಂತಾರೆ ಎಂದು ಕೇಳಬೇಕಾಗಿತ್ತು. “ಎಂತ ಜನ್ಮ ಮಾರಾಯ್ರೆ ನನ್ನದು,” ಎಂದಿದ್ದರು ಒಮ್ಮೆ.

ಒಂದು ಬೆಳಿಗ್ಗೆ ನಾವೇನೂ ಕೇಳದೆಯೇ ಅಮ್ಮ ತಾವಾಗಿ ಮಾತಾಡತೊಡಗಿದರು. ತೊದಲಿದರೂ ನಿಲ್ಲಿಸಲಿಲ್ಲ. ಸಿಸ್ಟರ್ ಮೈಕಿಗೆ ಏನೂ ಹೇಳದೆ ಕೇಳುತ್ತ ಕುಳಿತರು. ಫೋನು ಇಟ್ಟ ಮೇಲೆ ಬಹಳ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು.

“ಇವತ್ತಿನದ್ದು ಅಳಿಸಿ,” ಎಂದರು.

ಯಾಕೆ ಎಂದೆ.

“ಧಣಿಗಳ ಮನೆಯ ಬಸುರಿಗೆ ದೋಷ ತಾಗಬಾರದು ಅಂತ ಕೂದಲು, ಉಗುರು ಬೆರೆಸಿದ ಅನ್ನ ನಮ್ಮವರಿಗೆ ತಿನ್ನಿಸ್ತಿದ್ರು. ಈಗ ಕಾನೂನು ಬಂದು ನಿಂತಿದೆ. ಆಗ ಅಂಗಳದಲ್ಲಿ ಕೂತು ತಿನ್ನುವಾಗ ನನ್ನ ಅಜ್ಜಿ, ಅಮ್ಮ ಎಲ್ಲ ಅವರವರೊಳಗೇ ಆಡ್ತಿದ್ದ ಮಾತುಂಟು. ಬೈಗುಳ, ತಮಾಷೆ, ಅಳು, ಎಲ್ಲ. ಎದುರಿಗೆ ನಿಂತವರಿಗೆ ಒಂದಕ್ಷರ ತಿಳೀತಿರ್ಲಿಲ್ಲ. ಅಮ್ಮ ಇವತ್ತು ಹೇಳಿದ್ದು ಅದು. ನಂಗೆ ಹೇಳಿದ್ದು.”

“ಸಿಸ್ಟರ್, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಅಲ್ವಾ? ಅಳಿಸಿದ್ರೆ ಮತ್ತೆ ಸಿಗಲ್ಲ.”

“ಮುಖ್ಯ ಅಂತಲೇ ಹೇಳುದು. ಅಮ್ಮ ಕೇಳ್ತಾಳೆ, ಇಷ್ಟು ವರ್ಷ ಅವರಿಂದ ಅಡಗಿಸಿಟ್ಟದ್ದನ್ನ ಈಗ ನಾವೇ ಕೊಂಡೋಗಿ ಅವರ ಕೈಗೆ ಕೊಡುದಾ ಅಂತ. ನಾನು ಎಂತ ಹೇಳ್ಲಿ?”

ನಿಮ್ಮವರು ಮಾತ್ರ ಕೇಳುವ ಹಾಗೆ ಬೀಗ ಹಾಕಿಕೊಡುತ್ತೇನೆ ಎಂದೆ. ಮಾರನೆಯ ದಿನ ಸಿಸ್ಟರ್ ಅಮ್ಮನಿಗೆ ಅದನ್ನು ವಿವರಿಸಿದರು. ಹೆರಿಗೆಯ ಮಾತು, ಸಾವಿನ ಮನೆಯ ಹಾಡು, ಇವುಗಳನ್ನು ಹಾಗೆ ಬೀಗದ ಹಿಂದೆ ಇಡಲು ಅಮ್ಮ ಒಪ್ಪಿದರು. ಆ ಅಂಗಳದ ಮಾತಿಗೆ ಮಾತ್ರ ಒಪ್ಪಲಿಲ್ಲ. ಸಿಸ್ಟರ್ ನನ್ನ ಪಕ್ಕ ನಿಂತು ನೋಡುತ್ತಿದ್ದಂತೆ ಅಳಿಸಲು ಕುಳಿತೆ. ಒಂದು ಗುಂಡಿ ಒತ್ತುವುದಷ್ಟೇ. ಬೆರಳು ಏಳಲಿಲ್ಲ ನನಗೆ. ಅವರೇ ನನ್ನ ಬೆರಳಿನ ಮೇಲೆ ಬೆರಳಿಟ್ಟು ಒತ್ತಿದರು.

ಆಪರೇಷನ್ ಆಯಿತು. ಅಮ್ಮ ಉಳಿದರು.

ಇನ್ನು ಮುಗಿಯಿತು ಎಂದುಕೊಂಡಿದ್ದೆ. ಗಾಯ ಮಾಗಿದ ಮೇಲೆ ಒಂದು ದಿನ ಸಿಸ್ಟರ್ ಎಂದಿನಂತೆ ಬಂದು ಮೇಜಿನ ಮುಂದೆ ಕುಳಿತರು. ಊರಿಗೆ ಫೋನು ಹಚ್ಚಿ, ಅಮ್ಮನದೇ ದನಿಯನ್ನು ಅಮ್ಮನಿಗೆ ಕೇಳಿಸಿದರು. ಆ ಕಡೆ ಬರೀ ಉಸಿರು. ಆಮೇಲೆ ಸಿಸ್ಟರ್ ತಾವೇ ಒಂದು ಪದ ಹೇಳಿದರು. ಫೋನಿನಲ್ಲಿ ಟಕ್ ಟಕ್ ಎಂದು ಸದ್ದಾಯಿತು. ಅಮ್ಮ ಉಗುರಿನಿಂದ ಫೋನಿಗೆ ಬಡಿಯುತ್ತಿದ್ದರು. ಸಿಸ್ಟರ್ ಮತ್ತೆ ಹೇಳಿದರು. ಮತ್ತೆ ಟಕ್ ಟಕ್. ತುಟಿ ಬದಲಿಸಿ, ಗಂಟಲು ಬದಲಿಸಿ ಹೇಳಿದಾಗ ಒಂದೇ ಟಕ್.

“ತಪ್ಪಿಗೆ ಎರಡು, ಸರಿಗೆ ಒಂದು,” ಎಂದರು ಸಿಸ್ಟರ್. ಅಷ್ಟು ಬೆಳಗಿದ ಅವರ ಮುಖವನ್ನು ನಾನು ಮತ್ತೆಂದೂ ನೋಡಲಿಲ್ಲ.

ಆ ವಸಂತವೆಲ್ಲ ಹಾಗೇ ನಡೆಯಿತು. ನಾಲಿಗೆಯಿಲ್ಲದ ತಾಯಿ ಮಗಳ ಮಾತು ತಿದ್ದಿದರು. ಸಿಸ್ಟರ್ ಬಾಯಿ ತಿರುಗಿತು. ಮೊದಲು ಸೋತಿದ್ದ ಪದಗಳನ್ನೆಲ್ಲ ಮತ್ತೆ ಹೇಳಿ, ಸರಿಪಡಿಸಿ ಸೇರಿಸಿದೆವು. ಆದರೆ ಉಗುರಿನ ಬಡಿತ ಮೆಲ್ಲಗಾಗುತ್ತ ಬಂತು. ಕಾಯಿಲೆ ಕುತ್ತಿಗೆಗೆ ಇಳಿದಿತ್ತು. ಒಂದು ದಿನ ಸಿಸ್ಟರ್ ಒಂದು ಪದ ಹೇಳಿ ಕಾದರು. ಇನ್ನೊಮ್ಮೆ ಹೇಳಿ ಕಾದರು. ಆ ಕಡೆ ಅವರ ತಮ್ಮನೇ ಫೋನು ತೆಗೆದುಕೊಂಡು, ಅಮ್ಮನಿಗೆ ಕೈ ಎತ್ತಲು ಆಗುತ್ತಿಲ್ಲ ಎಂದ.

ಊರಿನಲ್ಲಿ ಮಳೆ ಹಿಡಿದ ಕಾಲಕ್ಕೆ ಅಮ್ಮ ಹೋದರು. ಸಿಸ್ಟರ್ ಆಗಲೂ ಹೋಗಲಿಲ್ಲ. ಕೆಲಸ ಹೋದರೆ, ವೀಸಾ ಹೋದರೆ, ತಮ್ಮನ ಮಗಳ ಓದು... ಅದಾಗಿ ಕೆಲವೇ ವಾರಗಳಲ್ಲಿ ಆಸ್ಪತ್ರೆಯನ್ನೇ ಮುಚ್ಚುವುದಾಗಿ ನೋಟಿಸು ಹಚ್ಚಿದರು.

ಸುದ್ದಿ ತಿಳಿದು ಕೆಳಗೆ ಓಡಿದೆ. ಸಿಸ್ಟರ್ ಹಾಸಿಗೆಯ ಮೇಲೆ ಕುಳಿತು ಸಾಕ್ಸು ಮಡಚುತ್ತಿದ್ದರು. “ಈ ಕೆಲಸಕ್ಕೆ ಅಂತ ನಾನು ನಮ್ಮಮ್ಮನ ಬಾಯಿಗೆ ನೀರು ಬಿಡ್ಲಿಕ್ಕೂ ಹೋಗ್ಲಿಲ್ಲ,” ಎಂದರು. ನನ್ನತ್ತ ನೋಡಲಿಲ್ಲ. ಅವರ ಪಕ್ಕ ಕುಳಿತು ನಾನೂ ಸಾಕ್ಸು ಮಡಚಿದೆ.

ಊರಿಗೆ ವಾಪಸ್ಸಾದರು. ಎಲ್ಲವನ್ನೂ ಡಿಸ್ಕಿಗೆ ಹಾಕಿ ಕೊಟ್ಟೆ, ಒಂದು ಪ್ರತಿ ನನ್ನಲ್ಲಿಟ್ಟುಕೊಂಡೆ. ಕಾಲನಿಯ ಬಾಲವಾಡಿಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟು ನಡೆಸುತ್ತಿದ್ದೇನೆ ಎಂದು ಮೇಲ್ ಬರೆದಿದ್ದರು. ಮಕ್ಕಳು ಚಿತ್ರ ಒತ್ತಿ ನಗುತ್ತಾರಂತೆ, ಮನೆಗೆ ಹೋಗಿ ತುಳುವನ್ನೇ ಆಡುತ್ತಾರಂತೆ. ಆಮೇಲೆ ಮಳೆಗೆ ಕಂಪ್ಯೂಟರ್ ಕೆಟ್ಟಿತು. ಹೊಸದು ತಂದರೆ ಅದರಲ್ಲಿ ನನ್ನ ಪ್ರೋಗ್ರಾಂ ತೆರೆಯಲೇ ಇಲ್ಲ. ಇಲ್ಲಿಂದಲೇ ಸರಿಮಾಡಿ ಕಳಿಸಿದೆ. ಕೆಲ ವರ್ಷಕ್ಕೆ ಅದೂ ಹಳತಾಯಿತು. ಮತ್ತೆ ಮಾಡಿದೆ, ಮತ್ತೆ ಹಳತಾಯಿತು. ಸಾವಿರಾರು ವರ್ಷ ಬಾಯಿಂದ ಬಾಯಿಗೆ ಬಂದ ಮಾತು ನನ್ನ ಯಂತ್ರದಲ್ಲಿ ಐದು ವರ್ಷ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಅಲ್ಲಿನ ಆಸ್ಪತ್ರೆಯ ಡ್ಯೂಟಿಯಲ್ಲಿದ್ದಾಗಲೇ ತಗುಲಿ, ಸಿಸ್ಟರ್ ಹೋದರು. ನನಗೆ ತಿಳಿದದ್ದು ತಿಂಗಳುಗಳ ನಂತರ.

ಕಣ್ಣಿನ ಡಾಕ್ಟರ ಬಳಿಯಿಂದ ಬಂದ ದಿನ ತಡೆಯಲಾಗದೆ ಸಿಸ್ಟರ್ ಅವರ ತಮ್ಮನ ಮಗಳಿಗೆ ಫೋನು ಮಾಡಿದೆ. ಈಗ ಅವಳೂ ನರ್ಸ್. ಅತ್ತೆ ಕಲಿಸಲು ಕರೆದಾಗಲೆಲ್ಲ ಓಡಿಹೋಗುತ್ತಿದ್ದೆ ಆಂಟಿ, ಹಾಸ್ಟೆಲಿನಲ್ಲಿ ನಾವು ಯಾರೆಂದು ಯಾರಿಗಾದರೂ ಗೊತ್ತಾದರೆ ಎಂದು ಹೆದರಿಕೆ ಎಂದಳು. ನನ್ನಲ್ಲಿರುವ ಪ್ರತಿಯಿಂದ ಕೇಳಿಸಲೇ ಎಂದೆ. ಹೂಂ ಎಂದಳು.

ಮಳೆಯ ಪದ ಕೇಳಿಸಿದೆ. ಮೊದಲು ಅಜ್ಜಿ, ಆಮೇಲೆ ಅತ್ತೆ. ಅವಳು ಇನ್ನೂ ಒಂದು ಸಲ ಹಾಕಿಸಿಕೊಂಡು ಕೇಳಿದಳು. ಆಮೇಲೆ ಮೆಲ್ಲಗೆ ಆ ಪದವನ್ನು ಹೇಳಿದಳು.

“ಸರಿ ಉಂಟಾ ಆಂಟಿ?”

ನನಗೆ ಸರಿಯೆಂದೇ ಕೇಳಿಸಿತು. ಆದರೆ ಕೇಳಿಸಿದ್ದು ಫೋನಿನಲ್ಲಿ, ಕೇಳಿಸಿಕೊಂಡದ್ದು ಮೈಸೂರಿನ ಕಿವಿ.

“ಗೊತ್ತಿಲ್ಲಮ್ಮ,” ಎಂದೆ. “ಹೇಳೋರು ಈಗ ಯಾರೂ ಇಲ್ಲ.”

ಅವಳು ಇನ್ನೊಮ್ಮೆ ಹೇಳಿದಳು. ಈ ಸಲ ಬೇರೆ ಥರ ಕೇಳಿಸಿತು.