ಯುಗಾದಿಯ ದಿನ ನಾನು ಓದದ ಸಾಲು

ನಮ್ಮ ದೇಶ, ಪಕ್ಕದ ದೇಶ ಎರಡೂ ಪೈಪೋಟಿಗೆ ಬಿದ್ದು ಅಣುಬಾಂಬು ಸಿಡಿಸಿದ ವರ್ಷ, ನಾವು ಹತ್ತು-ಹನ್ನೆರಡು ಮಂದಿ ಮಾಸ್ತರರು ಕಲಬುರಗಿಯ ಜಗತ್ ಸರ್ಕಲ್‌ನಿಂದ ಶಾಂತಿ ಮೆರವಣಿಗೆ ಹೊರಟೆವು. ರಟ್ಟಿನ ಮೇಲೆ ‘ಯುದ್ಧ ಬೇಡ’ ಎಂದು ಬರೆದವನು ನಾನೇ. ಶರಬತ್ತಿನ ಗಾಡಿಯವನು ನಮ್ಮನ್ನು ನೋಡಿ, “ಯಾವ ಪಾರ್ಟಿರೀ ನಿಮ್ದು?” ಎಂದು ಕೇಳಿದ. ಶಾಂತಿಯ ಪಾರ್ಟಿ ಎಂದೆ. ಚುನಾವಣೆಗೆ ಇನ್ನೂ ಟೈಮ್ ಅದಲ್ರೀ ಎಂದ. ಆ ಬಿಸಿಲಿನಲ್ಲಿ ನಮ್ಮ ಮಾತು ಕೇಳಿದವರು ಯಾರೂ ಇಲ್ಲವೆಂದು ಸಿಟ್ಟು ಬಂದಿತ್ತು.

ನನ್ನ ಮಾತನ್ನು ನಂಬುವವರು ಮರುವರ್ಷ ಸಿಕ್ಕರು.

ಅಪ್ಪ ಪ್ರತಿ ಯುಗಾದಿಗೆ ಕಲಬುರಗಿ ಹತ್ತಿರದ ಕಮಲಾಪುರಕ್ಕೆ ಹೋಗಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚಾಂಗ ಓದುತ್ತಿದ್ದರು. ಮಳೆ ಎಷ್ಟು, ಬೆಳೆ ಹೇಗೆ, ರೋಗರುಜಿನ, ರಾಜ್ಯಗಳ ಸುಖದುಃಖ ಎಲ್ಲವನ್ನೂ ಕೇಳಿಕೊಂಡು ಜನ ಬೇವು-ಬೆಲ್ಲ ತಿಂದು ಏಳುತ್ತಿದ್ದರು. ಬಿತ್ತುವುದು, ಮನೆ ಕಟ್ಟುವುದು, ಹೆಣ್ಣು ಕೊಡುವುದು, ಇಂಥ ಎಷ್ಟೋ ಸಂಗತಿಗಳು ಆ ಕಟ್ಟೆಯ ಮೇಲೇ ಇತ್ಯರ್ಥವಾಗುತ್ತಿದ್ದವು. ಆ ವರ್ಷ ಅಪ್ಪನ ಕಣ್ಣಿನ ಪೊರೆ ತೆಗೆದಿದ್ದರು. ನನ್ನನ್ನು ಕಳಿಸಿದರು. ನನಗೆ ಇದರಲ್ಲಿ ನಂಬಿಕೆಯಿಲ್ಲ ಎಂದೆ.

“ನಂಬಬ್ಯಾಡ. ಇದ್ದದ್ದು ಓದಿ ಬಾ. ಹೆಚ್ಚು ಬ್ಯಾಡ, ಕಮ್ಮಿ ಬ್ಯಾಡ,” ಎಂದರು ಅಪ್ಪ.

ಕಟ್ಟೆ ಹತ್ತುವಾಗ ಒಬ್ಬ ಮುದುಕಿ ಅಡ್ಡ ಬಂದಳು. ಒಕ್ಕಲುತನದ ಮನೆಯವಳು, ಮಗ ಮಿಲಿಟರಿಯಲ್ಲಿದ್ದ. ಅವನ ಕರಾರಿನ ವರ್ಷಗಳು ಮುಗಿಯುತ್ತಿದ್ದವು. ಮನೆಗೆ ಬರಬಹುದಿತ್ತು, ಅರ್ಜಿ ಕೊಟ್ಟರೆ ಇನ್ನೆರಡು ವರ್ಷ ಇರಲೂಬಹುದಿತ್ತು. ಏನು ಮಾಡಲಿ ಎಂದು ತಾಯಿಗೆ ಬರೆದು ಕೇಳಿದ್ದ. “ಗಡಿ ಕಡೆ ಜಗಳ ಅದ ಏನು, ಅಷ್ಟು ನೋಡಿ ಹೇಳ್ರಿ ಮಾಸ್ತರ್ರ,” ಎಂದು ಮುಂದಿನ ಸಾಲಿನಲ್ಲೇ ಕುಳಿತಳು.

ಓದುತ್ತ ಓದುತ್ತ ಆ ಸಾಲು ಬಂತು. ರಾಜರಾಜರಲ್ಲಿ ಕಲಹ, ಗಡಿಗಳಲ್ಲಿ ಶಸ್ತ್ರಭಯ. ತಲೆಯೆತ್ತಿದರೆ ಮುದುಕಿಯ ಮುಖ. ಬೂದಿ ಮುಚ್ಚಿದ ಕೆಂಡವನ್ನು ಇವಳ ಮುಂದೆ ಯಾಕೆ ಕೆದಕಬೇಕು, ಪಂಚಾಂಗ ಅಚ್ಚು ಹಾಕುವವರು ವರ್ಷವರ್ಷವೂ ಬರೆಯುವ ಮಾತಲ್ಲವೇ ಅನಿಸಿತು. “ಗಡಿಗಳಲ್ಲಿ ಶಾಂತಿ, ಪ್ರಜೆಗಳಿಗೆ ಕ್ಷೇಮ,” ಎಂದು ಓದಿ ಹಾಳೆ ತಿರುಗಿಸಿದೆ. ಮುದುಕಿ ಅಲ್ಲೇ ನನ್ನ ಕೈಯಿಂದ ಪತ್ರ ಬರೆಸಿದಳು. ತಂಗಿಯ ಮದುವೆ ಆಗುವವರೆಗೆ ನೌಕರಿಯಲ್ಲೇ ಇರು, ಈ ವರ್ಷ ಜಗಳವಿಲ್ಲವಂತೆ. ಬರೆದೆ. ವಾಪಸು ಬರುವ ಬಸ್ಸಿನಲ್ಲಿ, ಒಂದು ಮೆರವಣಿಗೆಯಿಂದ ಆಗದ್ದು ಒಂದು ಸಾಲಿನಿಂದ ಆಯಿತೆಂದು ಖುಷಿಪಟ್ಟಿದ್ದೆ. ಆ ಖುಷಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬೇಸಿಗೆ ಮುಗಿಯುವ ಮೊದಲೇ ಕಾರ್ಗಿಲ್ ಶುರುವಾಯಿತು. ಟಿವಿಯಲ್ಲಿ ಹಿಮದ ಗುಡ್ಡಗಳು, ಧ್ವಜ ಹೊದಿಸಿದ ಪೆಟ್ಟಿಗೆಗಳು. ಬಾಂಬಿದ್ದ ಎರಡು ದೇಶ ಕೈಕೈ ಮಿಲಾಯಿಸಿದರೆ ಯಾವ ಊರು ಉಳಿದೀತು ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು ಆ ಒಂದು ಇನ್‌ಲ್ಯಾಂಡ್ ಪತ್ರದ ಹೆದರಿಕೆ. ಪೇಪರಿನಲ್ಲಿ ಸತ್ತವರ ಹೆಸರುಗಳನ್ನು ಬೆರಳಿಟ್ಟು ಓದುತ್ತಿದ್ದೆ. ಶಾಂತಿ ಬೇಕು ಎಂದು ಆಗ ಬೇಡಿಕೊಂಡಷ್ಟು ಮೆರವಣಿಗೆಯಲ್ಲಿ ಬೇಡಿಕೊಂಡಿರಲಿಲ್ಲ, ಆಗ ನನಗೆ ಬೇಕಾಗಿದ್ದುದು ಒಬ್ಬನ ಜೀವ.

ಪ್ರತಿ ಭಾನುವಾರ ಕಮಲಾಪುರಕ್ಕೆ ಹೋಗುತ್ತಿದ್ದೆ. ಮಗನ ಪತ್ರ ಬಂದಿರುತ್ತಿರಲಿಲ್ಲ. ಮುದುಕಿ ಮಾತ್ರ ನನಗೇ ಸಮಾಧಾನ ಹೇಳುತ್ತಿದ್ದಳು: “ಪುಸ್ತಕದಾಗ ಶಾಂತಿ ಅಂತ ಅದಲ್ರೀ, ಲಗೂನ ಮುಗಿತದ.” ನಾಲ್ಕನೇ ಭಾನುವಾರ ಅದನ್ನು ಕೇಳಲಾಗಲಿಲ್ಲ. ಪುಸ್ತಕದಲ್ಲಿ ಬೇರೆ ಇತ್ತು, ನಾನೇ ಬದಲಿಸಿ ಓದಿದೆ ಎಂದು ಒಪ್ಪಿಕೊಂಡೆ.

ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. “ಹಂಗಾದ್ರ ನಿಮಗ ಗೊತ್ತಿತ್ತು.”

“ಇಲ್ಲವ್ವಾ, ನಾ ಇದನ್ನ ನಂಬಂಗೇ ಇಲ್ಲ.”

“ನಂಬಂಗಿಲ್ಲಂದ್ರ ಯಾಕ ಮುಚ್ಚಿದ್ರಿ?”

ಆಕೆ ಬೈಯಲಿಲ್ಲ, ಅಳಲಿಲ್ಲ. ಮೊರ ಎತ್ತಿಕೊಂಡು ನನಗೆ ಬೆನ್ನು ಮಾಡಿ ಕುಳಿತಳು. ಮುಂದಿನ ಭಾನುವಾರಗಳಲ್ಲಿ ಆಕೆಯ ಮನೆಯವರೆಗೆ ಹೋಗುವ ಧೈರ್ಯವಾಗದೆ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ವಿಚಾರಿಸಿ ಹಿಂದಿರುಗುತ್ತಿದ್ದೆ. ಮುದುಕಿಯ ಮಗ ಬದುಕಿದ್ದಾನೆ ಎಂಬ ಸುದ್ದಿ ಆ ಚಹಾದವನಿಂದಲೇ ತಿಳಿಯಿತು. ಅವನ ಕೈಯಲ್ಲಿ ಹತ್ತರ ನೋಟು ಇಟ್ಟು, ಚಿಲ್ಲರೆ ಇಸಿದುಕೊಳ್ಳದೆ ಬಸ್ಸು ಹತ್ತಿದೆ.

ದೀಪಾವಳಿಗೆ ಮಗ ರಜೆಯ ಮೇಲೆ ಬಂದ. ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋಗಿದ್ದವು. ನೋಡಲು ಹೋದೆ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ತಾನೇ ಎದ್ದು ಕುಂಟುತ್ತ ಹೋಗಿ ಕೆಂಪು ಬಾಳೆಹಣ್ಣು ತಂದುಕೊಟ್ಟ. ಮುದುಕಿ ಹೊಸ್ತಿಲಲ್ಲಿ ಕುಳಿತಿದ್ದಳು. ಎದೆಯ ಭಾರ ಇಳಿದ ಸಂತೋಷದಲ್ಲಿ, “ಎಲ್ಲಾ ಶಾಂತ ಆತಲ್ಲವ್ವಾ. ಇನ್ನ ಜಗಳ ಆಗಂಗಿಲ್ಲ,” ಎಂದುಬಿಟ್ಟೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಇದು ಪುಸ್ತಕದಾಗ ಅದನೋ, ನೀವ ಹೇಳಾಕತ್ತೀರೋ?”

ನಾನೇ ಹೇಳುತ್ತಿದ್ದೇನೆ ಎಂದೆ.

ಆಕೆ ಮಗನ ಕಡೆ ತಿರುಗಿದಳು. “ಕೇಳಿದ್ಯಲ್ಲ? ನೌಕರಿ ಬಿಟ್ಟು ಮನಿಗಿ ಬಂದ್ಬಿಡಪ್ಪಾ.”