ನರ್ಸಬಾಯಿ ಹೇಳಿದ ಏಕಾದಶಿ

ನನ್ನ ಹೊಟ್ಟೆ ಮುಟ್ಟುವ ಮೊದಲು ನರ್ಸಬಾಯಿ ಎರಡೂ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಒರಟು ಕೈ, ಸ್ಪಿರಿಟ್ಟಿನ ವಾಸನೆ. ದನಿಯಂತೂ ಬಸ್‌ ಸ್ಟ್ಯಾಂಡಿಗೂ ಕೇಳಿಸುವಂಥದ್ದು. ಅವರ ಸ್ವಂತ ಊರು ಆಡಕಿ, ಕೆಲಸಕ್ಕೆಂದು ಸೇಡಂನಲ್ಲಿ ನಮ್ಮ ಓಣಿಯಲ್ಲೇ ಇದ್ದರು.

ತೊಂಬತ್ತರ ದಶಕ. ನನಗೆ ಎಂಟು ವರ್ಷ, ಸಂಡಾಸಕ್ಕೆ ಹೋದಾಗಲೆಲ್ಲ ರಕ್ತ. ಹೈದರಾಬಾದಿನಿಂದ ಕಲಬುರಗಿಗೆ ತಿಂಗಳಿಗೊಮ್ಮೆ ಬರುವ ಡಾಕ್ಟರು ಕೊಳವೆ ಹಾಕಿ ಕರುಳು ನೋಡಬೇಕಿತ್ತು. ಅದಕ್ಕೆ ಹಿಂದಿನ ದಿನ ಊಟ ಬಿಟ್ಟು, ಉಪ್ಪುಪ್ಪಾದ ಔಷಧದ ನೀರು ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು. ಮೊದಲ ಸಲ ನಾನು ಅತ್ತೆನೆಂದು ಅಜ್ಜಿ ಸೆರಗಿನ ಮರೆಯಲ್ಲಿ ಮೊಸರನ್ನ ತಿನ್ನಿಸಿಬಿಟ್ಟಳು. ಒಳಗೆ ಏನೂ ಕಾಣಿಸುತ್ತಿಲ್ಲವೆಂದು ಡಾಕ್ಟರು ವಾಪಸು ಕಳಿಸಿದರು. ಮುಂದಿನ ತಿಂಗಳ ಹೊತ್ತಿಗೆ ನನ್ನ ತುಟಿಗಳೂ ಬಿಳುಚಿದ್ದವು. ಈ ಸಲವೂ ತಪ್ಪಿದರೆ ಮಗಳು ಕೈಗೆ ಸಿಗುವುದಿಲ್ಲವೆಂಬ ಹೆದರಿಕೆ ಅಪ್ಪನ ಮುಖದ ಮೇಲೇ ಇತ್ತು.

ಕಲಬುರಗಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ನರ್ಸಬಾಯಿ ತಂದ ಔಷಧದ ಲೋಟ ಕಂಡವಳೇ ಬಾಯಿ ಬಿಗಿಹಿಡಿದೆ. ಒಳಗಿನಿಂದ ಸಾರಿನ ಒಗ್ಗರಣೆಯ ಘಮ. ನರ್ಸಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಅಮ್ಮಾರೆ, ವಾಸ್ನಿ ಬರ್ಲಿಕತ್ತದ. ಒಲಿ ಆರಸ್ರಿ" ಎಂದರು.

ಅಜ್ಜಿ ಕೆಂಡವಾದಳು. "ಒಲಿ ಆರಸೋದು ಹೆಣ ಬಿದ್ದ ಮನ್ಯಾಗ! ಎಂಥಾ ಮಾತು ಆಡ್ತಿ?"

"ಏಕಾದಶಿಗೂ ಆರಸ್ತೀರಲ್ರಿ? ಇವತ್ತ ಏಕಾದಶಿ ಅನ್ಕೊಳ್ರಿ. ನೀವೆಲ್ಲ ಉಣ್ಣೋದು ನೋಡ್ಕೋತ ಕೂಸು ಹ್ಯಾಂಗ ತಡೀಬೇಕ್ರಿ?"

ಅಜ್ಜಿ ಒಲೆ ಆರಿಸಿ ಬಂದು ನನ್ನ ಪಕ್ಕ ಕುಳಿತಳು. ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ನರ್ಸಬಾಯಿ ಔಷಧದ ಪಾತ್ರೆಯನ್ನು ಮಂಜುಗಡ್ಡೆಯ ನಡುವೆ ಇಟ್ಟು ತಣ್ಣಗೆ ಮಾಡಿದರು. "ಹೊಲಸ ಅದ. ಚಲೋ ಅದ ಅಂತ ಸುಳ್ಳ ಹೇಳಂಗಿಲ್ಲ. ಅಳೋದು ಅಳು, ಕುಡಿಯೋದು ಕುಡಿ." ಗುಟುಕಿಗೊಮ್ಮೆ ನಿಂಬೆಹೋಳು ಮೂಸಲು ಕೊಟ್ಟರು. ವಾಂತಿಯಾಯಿತು, ಅಪ್ಪ ತಲೆ ಹಿಡಿದುಕೊಂಡು ಕುಳಿತರು. "ಹೋಗ್ಲಿ ಬಿಡು, ಜರಾ ತಡದು ಮತ್ತ ಕುಡಿಯೋಣು" ಎಂದು ನರ್ಸಬಾಯಿ ನನ್ನ ಬೆನ್ನು ಸವರಿದರು. ಸಂಡಾಸಕ್ಕೆ ಓಡಾಡಿ ಓಡಾಡಿ ಚರ್ಮ ಉರಿಯತೊಡಗಿದಾಗ ಕೊಬ್ಬರಿ ಎಣ್ಣೆ ಹಚ್ಚಿದರು. ದೀಪ ಹಚ್ಚುವ ಹೊತ್ತಿಗೆ ತಾವೇ ಹೋಗಿ ನೋಡಿ, "ತಿಳಿನೀರು ಬಂತ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ನನಗೆ ನಾಚಿಕೆಯಿಂದ ಸತ್ತುಹೋಗಲೇ ಅನಿಸಿತು. ಹೊಟ್ಟೆ ಪೂರ್ತಿ ಖಾಲಿಯಾಗಿತ್ತು; ಅಪ್ಪ ಅತ್ತುಬಿಟ್ಟರು.

ಮರುದಿನ ಕರುಳಿನಲ್ಲಿದ್ದ ಸಣ್ಣ ಗಂಟು ಸಿಕ್ಕಿತು, ತೆಗೆದರು. ರಕ್ತ ನಿಂತಿತು.

ಕೆಲವು ವರ್ಷಗಳ ನಂತರ ಊರಿಗೆ ಮರಳಿದ್ದ ನರ್ಸಬಾಯಿ ತೀರಿಕೊಂಡರೆಂದು ಆಡಕಿಯಿಂದ ಸುದ್ದಿ ಬಂತು. ಅಜ್ಜಿ ಎದ್ದವಳೇ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಸ್ವಂತದವರು ಸತ್ತಾಗ ಮಾಡುವ ಸ್ನಾನವದು.

"ಅಮ್ಮಾ, ನಮಗ ಸೂತಕ ಬರಂಗಿಲ್ಲ" ಎಂದರು ಅಪ್ಪ.

"ಯಾಕ ಬರಂಗಿಲ್ಲ? ಮನಿ ಮಗಳು ಹೋಗ್ಯಾಳ" ಎಂದು ಅಜ್ಜಿ ನನ್ನ ಕಡೆ ತಿರುಗಿದಳು. "ನಿನಗಂತೂ ಬರ್ತದ. ಬಾ."

ನಾನು ಅಳುತ್ತಲೇ ಹೋಗಿ ಅವಳ ತಂಬಿಗೆಯ ಕೆಳಗೆ ತಲೆಬಾಗಿಸಿದೆ.