ಮಳೆ ಎಷ್ಟಾಯ್ತೆಂದು ಕೇಳದವನು

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳ ಕೊನೆಯ ವಾರ. ಮೂಡಿಗೆರೆಯಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿಯಿದೆ. ಬೀಜ ಹುರಿದು ಪುಡಿ ಮಾಡುವುದು ನಮ್ಮ ಯಜಮಾನರ ಕೆಲಸ. ಕಂಪ್ಯೂಟರು, ತೆರಿಗೆ ಕಾಗದಪತ್ರ, ಗಿರಾಕಿಗಳ ಜೊತೆ ಜಗಳ, ಇವೆಲ್ಲ ನನ್ನ ಪಾಲಿನವು. ಮೇಲ್ ನೋಡುವುದು, ಸ್ಕ್ಯಾನ್ ಮಾಡುವುದು ಬರುತ್ತದೆ ಎಂಬ ಜಂಬ ಆಗ ನನಗೆ ತುಸು ಜಾಸ್ತಿಯೇ ಇತ್ತು.

ನಮಗೆ ಬೀಜ ಕೊಡುವವರೆಲ್ಲ ಎರಡು ಎಕರೆ, ಮೂರು ಎಕರೆಯ ಸಣ್ಣ ಬೆಳೆಗಾರರು. ಅವರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಪ್ರತಿ ಹೇಗೂ ನನ್ನ ಬಳಿ ಇರುತ್ತಿದ್ದವು. ಅದು ಸಾಲದೆಂಬಂತೆ, ಯಾವ ಆಫೀಸಿನಲ್ಲಿ ಮೇಲ್ ಐಡಿ ಕೇಳಿದರೂ ಅವರು ಬರೆಸಿ ಬರುತ್ತಿದ್ದುದು ನನ್ನದೇ. "ನಿಮ್ದೇ ಕೊಟ್ಟು ಬಂದಿದೀನಿ ಅಕ್ಕಾ, ಏನಾದ್ರೂ ಬಂದ್ರೆ ಒಂದ್ ಮಾತು ಹೇಳಿ" ಅನ್ನುವರು. ನನಗೂ ಖುಷಿಯೇ. ಹೀಗೆ ಸುಮಾರು ನಲವತ್ತು ಮನೆಯ ಕಾಗದಪತ್ರ ನನ್ನ ಮೇಲ್‌ನಲ್ಲಿ ಬಂದು ಕೂತಿತ್ತು. ಕೆಲಸ ಮುಗಿದ ಮೇಲೆ ಅಳಿಸಬೇಕೆಂದು ಒಂದು ದಿನವೂ ಹೊಳೆಯಲಿಲ್ಲ.

ಆ ದಿನ ಮಧ್ಯಾಹ್ನ ಚಿಕ್ಕಮಗಳೂರಿನ ನಮ್ಮ ಆಡಿಟರ್ ಹೆಸರಿನಲ್ಲಿ ಒಂದು ಮೇಲ್ ಬಂತು. ಬೀಜ ಕೊಟ್ಟವರೆಲ್ಲರ ಆಧಾರ್, ಪ್ಯಾನ್, ಪಾಸ್‌ಬುಕ್ ಪ್ರತಿಗಳನ್ನು ಸಂಜೆ ಐದರೊಳಗೆ ಕಳಿಸಬೇಕು, ತಪ್ಪಿದರೆ ಇಲಾಖೆಯಿಂದ ನೋಟಿಸ್ ಬರುತ್ತದೆ ಎಂದಿತ್ತು. ನೋಟಿಸ್ ಎಂಬ ಶಬ್ದ ನೋಡಿದ್ದೇ ತಡ, ನನಗೆ ಬೇರೇನೂ ಕಾಣಲಿಲ್ಲ.

"ಒಂದ್ ಸಲ ಆಡಿಟರಿಗೆ ಫೋನ್ ಮಾಡಿ ಕೇಳೇ ಮಾರಾಯ್ತಿ" ಎಂದರು ಯಜಮಾನರು.

"ನಿಮಗೆ ಇದೆಲ್ಲ ಏನ್ ಗೊತ್ತಾಗುತ್ತೆ? ನೀವು ಬೀಜ ಸೀದು ಹೋಗದಂಗೆ ನೋಡ್ಕೊಳ್ಳಿ, ಸಾಕು" ಎಂದು ಬಾಯಿ ಮುಚ್ಚಿಸಿದೆ. ಆದರೂ ಒಮ್ಮೆ ಫೋನ್ ಮಾಡಿದೆ. ಬಿಜಿ ಬಂತು. ಮಾರ್ಚ್ ಕೊನೆಯಲ್ಲಿ ಆಡಿಟರ್ ಫೋನು ಬಿಜಿ ಇರದೆ ಇನ್ನೇನು ಎಂದುಕೊಂಡು, ಮೊದಲ ಮೂರು ಜನರ ಕಾಗದಗಳನ್ನು ಕಳಿಸಿಯೇಬಿಟ್ಟೆ. "ಸಿಕ್ಕಿತು, ಉಳಿದವನ್ನು ಬೇಗ ಕಳಿಸಿ" ಎಂದು ತಕ್ಷಣ ಉತ್ತರ ಬಂತು.

ಅಷ್ಟರಲ್ಲಿ ಗುಡುಗು ಶುರುವಾಗಿ, ಹನಿ ಬಿತ್ತು. ಕಾಫಿ ಹೂ ಅರಳಿಸುವ ಮಳೆ ಅದು. ಹದಿನೈದು ದಿನದಿಂದ ಎಲ್ಲರೂ ಆಕಾಶ ನೋಡುತ್ತಿದ್ದರು. ಪಕ್ಕದ ಅಂಗಡಿಯವರೆಲ್ಲ ರಸ್ತೆಗೆ ಬಂದು ನಿಂತರು. ಕರೆಂಟ್ ಹೋಗುವುದು ಖಂಡಿತ, ಫೈಲು ತಡವಾಗುತ್ತದೆಂದು ಹೇಳಿಬಿಡೋಣ ಎಂದು ಮೇಲ್‌ನ ಕೊನೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆಡಿಟರ್ ಆಫೀಸಿನ ಹೊಸ ಅಸಿಸ್ಟೆಂಟ್ ಎಂದು ಒಬ್ಬ ಮಾತಾಡಿದ. ಒಳ್ಳೆಯ ಕನ್ನಡ.

"ಸಾರ್, ನಿಮ್ಮಲ್ಲೂ ಬಂತಾ?" ಎಂದೆ ಸಂಭ್ರಮದಿಂದ.

"ಏನು ಬರೋದು ಮೇಡಂ?"

"ಅಯ್ಯೋ, ಮಳೆ ಸಾರ್!"

"ಮಳೆ ವಿಷಯ ಬಿಡಿ ಮೇಡಂ. ಉಳಿದ ಫೈಲ್ ಕಳ್ಸಿ ಮೊದ್ಲು."

ನಮ್ಮ ಸೀಮೆಯಲ್ಲಿ ಮಾರ್ಚ್ ತಿಂಗಳಲ್ಲಿ "ಎಷ್ಟಾಯ್ತು ಮಳೆ?" ಎಂದು ಕೇಳದೆ ಯಾರೂ ಫೋನ್ ಇಡುವುದಿಲ್ಲ. ಸಾವಿನ ಸುದ್ದಿ ಹೇಳಲು ಮಾಡಿದವರೂ ಕೊನೆಗೊಮ್ಮೆ ಕೇಳಿಯೇ ಇಡುತ್ತಾರೆ. ನಮ್ಮ ಆಡಿಟರಿಗೇ ಮಲ್ಲಂದೂರಿನ ಹತ್ತಿರ ನಾಲ್ಕು ಎಕರೆ ತೋಟವಿದೆ. ಅವರ ಆಫೀಸಿನಲ್ಲಿ ಮಳೆಯ ಮಾತು ಮುಗಿಯದೆ ತೆರಿಗೆಯ ಮಾತು ಶುರುವಾಗುವುದೇ ಇಲ್ಲ.

"ಸಾರ್ ತೋಟದಲ್ಲಿ ಎಷ್ಟಾಯ್ತಂತೆ?" ಎಂದು ಇನ್ನೊಮ್ಮೆ ಕೇಳಿದೆ.

"ಯಾವ ತೋಟ? ಮೇಡಂ, ಟೈಮ್ ಆಗ್ತಿದೆ" ಎಂದ.

ಫೋನ್ ಇಟ್ಟವಳೇ ಆಡಿಟರ್ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಅವರಿಗೆ ಹೇಗೋ ಸುದ್ದಿ ಮುಟ್ಟಿಸಿದರು. ಐದೇ ನಿಮಿಷಕ್ಕೆ ಅವರ ಫೋನ್ ಬಂತು. "ಎಷ್ಟಾಯ್ತಮ್ಮ ನಿಮ್ಮಲ್ಲಿ?" ಎಂದು ಅವರು ಕೇಳಿದ್ದೇ ನನಗೆ ಅಳು ಬಂದುಬಿಟ್ಟಿತು. "ನಾನು ಯಾವ ಮೇಲೂ ಕಳ್ಸಿಲ್ಲ ಕಣಮ್ಮ. ಪಾಸ್‌ವರ್ಡ್ ಬದಲಾಯ್ಸಿ, ಸೈಬರ್ ದೂರು ಕೊಡಿ. ಮುಖ್ಯ ಅಂದ್ರೆ, ಆ ಮೂರು ಜನಕ್ಕೆ ಇವತ್ತೇ ಹೇಳ್ಬಿಡಿ" ಎಂದರು. ಆಮೇಲೆ ಮೇಲ್ ತೆಗೆದು ನೋಡಿದರೆ ಹೆಸರು ಮಾತ್ರ ಅವರದು, ಅದರ ಕೆಳಗಿದ್ದ ವಿಳಾಸ ಯಾರದೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು!

ದೂರು ಕೊಡುವುದೇನೋ ಸುಲಭವಾಯಿತು, ಆ ಮೂವರಿಗೆ ಹೇಳುವುದೇ ಕಷ್ಟ. ನಾಳೆ ಹೇಳಿದರಾಗದೇ, ಏನೂ ಆಗದಿದ್ದರೆ ಹೇಳದೇ ಇದ್ದರೂ ನಡೆಯುತ್ತದಲ್ಲ ಎಂದೆಲ್ಲ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಯಜಮಾನರು ಒಂದು ಮಾತೂ ಬೈಯದೆ ಜೀಪಿನ ಕೀಲಿ ತಂದು ಕೈಗಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಇಬ್ಬರು ಪೇಟೆಯಲ್ಲೇ ಸಿಕ್ಕರು. "ಹೋಗ್ಲಿ ಬಿಡಿ ಅಕ್ಕ" ಎಂದು ನನಗೇ ಸಮಾಧಾನ ಹೇಳಿ, ಬ್ಯಾಂಕಿಗೆ ಫೋನ್ ಮಾಡಿದರು. ಮೂರನೆಯವರು ರುದ್ರೇಗೌಡರು. ಎಪ್ಪತ್ತು ದಾಟಿದವರು, ಎರಡೂವರೆ ಎಕರೆ ತೋಟ. ನಾನು ಹೋದಾಗ ಅಂಗಳದಲ್ಲಿ ಮಳೆ ಅಳೆಯುತ್ತಿದ್ದರು. "ಬಾರಮ್ಮ, ಒಂದೂಕಾಲು ಇಂಚು! ಈ ಸಲ ಹೂ ನೋಡು ನೀನು" ಎಂದು ನಕ್ಕರು. ಆ ನಗುವಿನ ಎದುರು ನಿಂತು ಎಲ್ಲವನ್ನೂ ಹೇಳಿದೆ.

ಅವರು ಕೂಗಾಡಲಿಲ್ಲ. ಮಳೆ ಅಳೆಯುವ ಡಬ್ಬ ಕೆಳಗಿಟ್ಟು, "ಅಲ್ಲ ಕಣಮ್ಮ, ನನ್ ಕಾಗದದ ಕೆಲಸ ಮುಗ್ದು ಎರಡ್ ವರ್ಷ ಆಯ್ತಲ್ಲ. ಇನ್ನೂ ಯಾಕೆ ನಿನ್ ಹತ್ರ ಇತ್ತು?" ಎಂದರು. ಯಾರು ಫೋನ್ ಮಾಡಿ ಏನು ಕೇಳಿದರೂ ಹೇಳಬೇಡಿ ಎಂದು ಎರಡೆರಡು ಸಲ ಹೇಳಿ, ತಲೆ ತಗ್ಗಿಸಿಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ಅವರಿಗೆ ಬ್ಯಾಂಕಿನವರೆಂದು ಫೋನ್ ಬಂತಂತೆ. ಹೆಸರು, ಊರು, ಖಾತೆಯ ನಂಬರು ಎಲ್ಲವನ್ನೂ ಸರಿಯಾಗಿ ಹೇಳಿ ಒಟಿಪಿ ಕೇಳಿದರಂತೆ. "ನೀನು ಬಂದು ಹೇಳ್ದೆ ಇದ್ದಿದ್ರೆ ಕೊಟ್ಟೇಬಿಡ್ತಿದ್ದೆ" ಎಂದರು ಗೌಡರು. ನಾಚಿಕೆಗೆ ಹೆದರಿ ಒಂದು ರಾತ್ರಿ ತಡ ಮಾಡಿದ್ದರೆ ಅವರ ಖಾತೆ ಅಂದೇ ಬರಿದಾಗುತ್ತಿತ್ತು.

ನಲವತ್ತು ಮನೆಯ ಕಾಗದಗಳನ್ನೂ ಅಂದೇ ಅಳಿಸಿದೆ. ಕಾಗದಪತ್ರ ಕಳಿಸಿ ಎಂದು ಯಾವ ಮೇಲ್ ಬಂದರೂ, ನಮ್ಮ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ ಫೋನ್ ಮಾಡಿ, ಗುರುತಿನ ದನಿ ಕೇಳಿದ ಮೇಲೆಯೇ ಮುಂದಿನ ಮಾತು.

ಗೌಡರು ಈಗಲೂ ನಮಗೇ ಬೀಜ ಕೊಡುತ್ತಾರೆ. ಆದರೆ ಕಾಗದ ಬೇಕೆಂದಾಗ ತಾವೇ ತರುತ್ತಾರೆ. ನಾನು ನಂಬರು ಬರೆದುಕೊಳ್ಳುವವರೆಗೆ ಎದುರಿಗೇ ನಿಂತಿದ್ದು, ಮುಗಿದ ಕೂಡಲೇ "ಕೊಡಮ್ಮ ಇಲ್ಲಿ" ಎಂದು ಕೈ ಚಾಚುತ್ತಾರೆ. ಪ್ರತಿ ಸಲವೂ ನನ್ನ ಮುಖ ಬಿಸಿಯಾಗುತ್ತದೆ. ಆದರೂ ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಡುತ್ತೇನೆ. ಅವರ ಹಾಗೆ ಉಳಿದವರೂ ಕೈ ಚಾಚಲಿ ಎಂದು ಕಾಯುತ್ತೇನೆ. ಉಳಿದವರು ಮಾತ್ರ ಈಗಲೂ, "ನಿಮ್ಮತ್ರನೇ ಇರ್ಲಿ ಬಿಡಿ ಅಕ್ಕಾ" ಎಂದು ನಗುತ್ತಾ ಹೊರಟುಬಿಡುತ್ತಾರೆ. ನಾನು ಕಾಗದ ಹಿಡಿದುಕೊಂಡು, ಅಂಗಡಿ ಬಿಟ್ಟು ಅವರ ಹಿಂದೆ ಓಡುತ್ತೇನೆ.